ಮಾತಿಲ್ಲದ ನಾಲ್ಕು ನಿಮಿಷ



ಡಿಸ್ನಿ ಸ್ಟುಡಿಯೋದ 'ದಿ ಲಿಟಲ್ ಮರ್ಮೇಡ್' ತೆರೆ ಕಂಡದ್ದು 1989ರಲ್ಲಿ. ಅದಕ್ಕೆ ಮುಂಚೆ, ಚಿತ್ರದ ಎಷ್ಟೋ ಭಾಗ ಇನ್ನೂ ಪೆನ್ಸಿಲ್ ಗೆರೆಯಲ್ಲಿದ್ದಾಗಲೇ, ಮಕ್ಕಳನ್ನು ಕೂಡಿಸಿ ಒಮ್ಮೆ ತೋರಿಸಿ ನೋಡಿದರು. ಕಡಲಕನ್ಯೆ ಏರಿಯಲ್ ನೀರಿನಾಳದ ತನ್ನ ಗವಿಯಲ್ಲಿ ಕೂತು, ಮೇಲಿನ ಮನುಷ್ಯರ ಲೋಕಕ್ಕಾಗಿ ಹಂಬಲಿಸಿ ಹಾಡುವ ಹಾಡು ಬಂತು. ಸ್ಟುಡಿಯೋದ ಮುಖ್ಯಸ್ಥ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಅವರ ಮುಂದೆ ಕೂತಿದ್ದ ಹುಡುಗ ಪಾಪ್‌ಕಾರ್ನ್ ಚೆಲ್ಲಿಕೊಂಡ. ತೆರೆಯ ಮೇಲೆ ನಾಯಕಿ ಎದೆ ಬಿಚ್ಚಿ ಹಾಡುತ್ತಿದ್ದರೆ ಇವನು ಬಗ್ಗಿ ಅದನ್ನು ಆಯುತ್ತಿದ್ದ. ಕ್ಯಾಟ್ಜೆನ್‌ಬರ್ಗ್ ತೀರ್ಮಾನಕ್ಕೆ ಬಂದೇಬಿಟ್ಟರು: ಮಕ್ಕಳಿಗೆ ಇದು ಹಿಡಿಸುತ್ತಿಲ್ಲ, ಹಾಡು ತೆಗೆಯಿರಿ. ಗೀತೆ ಬರೆದ ಹೊವಾರ್ಡ್ ಆಶ್‌ಮನ್ ಜಗಳಕ್ಕೇ ನಿಂತರು. ಅವರು ನ್ಯೂಯಾರ್ಕಿನ ರಂಗಭೂಮಿಯಿಂದ ಬಂದವರು. ನಾಯಕಿಗೆ ಬೇಕಾದದ್ದೇನು ಎನ್ನುವುದು ಪ್ರೇಕ್ಷಕನಿಗೆ ಆರಂಭದಲ್ಲೇ ತಿಳಿಯದಿದ್ದರೆ ಮುಂದಿನ ಕಥೆಗೆ ನಿಲ್ಲಲು ಕಾಲೇ ಇಲ್ಲ ಎಂಬುದನ್ನು ಆ ಕಸುಬಿನಲ್ಲಿ ಕಲಿತವರು. ಏರಿಯಲ್ ಪಾತ್ರಕ್ಕೆ ಜೀವ ಕೊಡುತ್ತಿದ್ದ ಗ್ಲೆನ್ ಕೀನ್ ಕೂಡ ಹಾಡಿನ ಪರ ವಾದಿಸಿದರು. ಹಾಡು ಉಳಿಯಿತು. ಇವತ್ತು ಆ ಚಿತ್ರದ ಹೆಸರೆತ್ತಿದರೆ ಬಹಳ ಮಂದಿಗೆ ಮೊದಲು ನೆನಪಾಗುವುದು ಅದೇ. ಕ್ಯಾಟ್ಜೆನ್‌ಬರ್ಗ್ ಅವರೇ ಮುಂದೆ ಈ ಪ್ರಸಂಗವನ್ನು ತಮ್ಮ ಮೇಲಿನ ತಮಾಷೆಯಾಗಿ ಹೇಳಿಕೊಂಡಿದ್ದಾರೆ.

ಈ ಒಬ್ಬ ಮನುಷ್ಯನ ಬೆನ್ನು ಹಿಡಿದು ಹೊರಟರೆ ಸಾಕು, ಅಮೆರಿಕದ ಮೂರು ದೊಡ್ಡ ಅನಿಮೇಷನ್ ಸ್ಟುಡಿಯೋಗಳ ಒಳಹೊರಗನ್ನು ನೋಡಿ ಬರಬಹುದು. ಡಿಸ್ನಿಯಲ್ಲಿ ಹತ್ತು ವರ್ಷ ಯಜಮಾನಿಕೆ ಮಾಡಿದವರು ಅವರು. ಪಿಕ್ಸಾರ್ ಎಂಬ ಪುಟ್ಟ ಸಂಸ್ಥೆಗೆ ಮೊದಲ ಚಿತ್ರ ಮಾಡಲು ಅವಕಾಶ ಕೊಟ್ಟು, ಅದರ ಕಥೆಯನ್ನು ಕೆಡಿಸುವಷ್ಟು ಸಲಹೆಗಳನ್ನೂ ಕೊಟ್ಟವರು. ಕೊನೆಗೆ ಡಿಸ್ನಿಯ ಜೊತೆ ಮುನಿಸಿಕೊಂಡು ಹೊರಬಂದು, 1994ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಡೇವಿಡ್ ಗೆಫೆನ್ ಜೊತೆ ಸೇರಿ ಡ್ರೀಮ್‌ವರ್ಕ್ಸ್ ಕಟ್ಟಿದವರು.

ಈ ಸ್ಟುಡಿಯೋಗಳಲ್ಲಿ ಯಾರ ಕಥೆ ಮೇಲು ಎಂಬ ವಾದ ನಮ್ಮ ಮನೆಗಳಲ್ಲೂ ನಡೆಯುತ್ತದೆ. ಮಕ್ಕಳು ಪಕ್ಷ ಕಟ್ಟಿಕೊಂಡೇ ಕಾದಾಡುತ್ತಾರೆ. ದೊಡ್ಡವರು ಸಾಮಾನ್ಯವಾಗಿ ತಂತ್ರಜ್ಞಾನದ ಮಾತು ತೆಗೆದು ತೀರ್ಪು ಕೊಟ್ಟುಬಿಡುತ್ತೇವೆ: ಕೂದಲು ಎಷ್ಟು ಸಹಜವಾಗಿದೆ, ನೀರು ಎಷ್ಟು ನೀರಿನಂತಿದೆ ಅಂತ. ನನಗೆ ಅದು ಮುಖ್ಯ ಅನ್ನಿಸುವುದಿಲ್ಲ. ಒಬ್ಬರಿಗೆ ಸಿಕ್ಕ ತಂತ್ರ ಎರಡು ವರ್ಷದಲ್ಲಿ ಇನ್ನೊಬ್ಬರ ಕೈಗೂ ಬರುತ್ತದೆ. ನಿಜವಾದ ವ್ಯತ್ಯಾಸ ಇರುವುದು ಕಥೆಗೆ 'ಇದು ಬೇಡ' ಎನ್ನುವ ಹಕ್ಕು ಯಾರ ಕೈಯಲ್ಲಿದೆ, ಆ ಮಾತನ್ನು ಅವರು ಯಾವ ಹಂತದಲ್ಲಿ ಆಡುತ್ತಾರೆ ಎಂಬುದರಲ್ಲಿ.

ಅದು ಅರ್ಥವಾಗಬೇಕಾದರೆ ಕೆಲಸದ ಕ್ರಮ ಸ್ವಲ್ಪ ತಿಳಿದಿರಬೇಕು. ನಟನಟಿಯರ ಸಿನಿಮಾದಲ್ಲಿ ಬೇಕಾದ್ದು ಬೇಡವಾದ್ದು ಎಲ್ಲ ಚಿತ್ರೀಕರಿಸಿಕೊಂಡು ಬಂದು, ಆಮೇಲೆ ಸಂಕಲನದ ಮೇಜಿನ ಮೇಲೆ ಕತ್ತರಿಸುತ್ತಾರೆ. ಅನಿಮೇಷನ್‌ನಲ್ಲಿ ಇದು ತಿರುಗುಮುರುಗು. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮ್. ಒಬ್ಬ ಅನಿಮೇಟರ್ ವಾರವಿಡೀ ದುಡಿದರೂ ಕೈಗೆ ಬರುವುದು ಕೆಲವೇ ಸೆಕೆಂಡು. ಮಾಡಿ ಬಿಸಾಡುವಷ್ಟು ದುಡ್ಡು ಯಾರ ಬಳಿಯೂ ಇಲ್ಲ. ಆದ್ದರಿಂದ ಇಡೀ ಚಿತ್ರವನ್ನು ಮೊದಲು ಸಣ್ಣ ಸಣ್ಣ ರೇಖಾಚಿತ್ರಗಳಲ್ಲಿ ಬರೆದು ಗೋಡೆಯ ಹಲಗೆಗೆ ಚುಚ್ಚುತ್ತಾರೆ. ಅದೇ ಸ್ಟೋರಿಬೋರ್ಡ್. 1930ರ ದಶಕದ ಆರಂಭದಲ್ಲಿ ಡಿಸ್ನಿಯಲ್ಲಿ ಬೆಳೆದ ಪದ್ಧತಿ ಇದು. ಆ ಚಿತ್ರಗಳನ್ನೇ ಸಾಲಾಗಿ ಜೋಡಿಸಿ, ಸ್ಟುಡಿಯೋದವರದೇ ದನಿ ಕೂಡಿಸಿ, ತಾತ್ಕಾಲಿಕ ಸಂಗೀತ ಹಾಕಿ ಓಡಿಸಿದರೆ ಅದು ಸ್ಟೋರಿ ರೀಲ್. ಅಂದರೆ ಇಲ್ಲಿ ಸಂಕಲನ ಮೊದಲು, ಚಿತ್ರೀಕರಣ ಆಮೇಲೆ. ಒಂದು ಸ್ಟುಡಿಯೋದ ಹಣೆಬರಹ ಬರೆಯುವುದು ಈ ರೀಲ್ ನೋಡಿ ದೀಪ ಹಾಕಿದ ಮೇಲೆ ಆ ಕೋಣೆಯಲ್ಲಿ ಯಾರು ಏನು ಮಾತಾಡುತ್ತಾರೆ ಎಂಬುದು.

ಮೊದಲಿಗೆ ಡಿಸ್ನಿ. ಅಲ್ಲಿ ಕಥೆಯ ಬೆನ್ನೆಲುಬು ಹಾಡು. ನಮ್ಮ ಕಂಪನಿ ನಾಟಕಗಳಲ್ಲಿ ಪಾತ್ರವೊಂದು ರಂಗಕ್ಕೆ ಬಂದು ತಾನು ಯಾರು, ಮನಸ್ಸಿನಲ್ಲೇನಿದೆ ಎಂಬುದನ್ನು ಹಾಡಿಯೇ ಹೇಳಿಕೊಳ್ಳುತ್ತಿತ್ತಲ್ಲ, ಹಾಗೆ ಆಶ್‌ಮನ್ ಮತ್ತು ಸಂಗೀತಗಾರ ಅಲನ್ ಮೆಂಕೆನ್ ಡಿಸ್ನಿಯ ಪಾತ್ರಗಳನ್ನು ಹಾಡಿನಲ್ಲೇ ಬಾಯಿ ಬಿಡಿಸಿದರು. ಆಶ್‌ಮನ್ 1991ರ ಮಾರ್ಚಿನಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಬಂದ 'ಬ್ಯೂಟಿ ಆ್ಯಂಡ್ ದಿ ಬೀಸ್ಟ್' ಪೂರ್ತಿಯಾದದ್ದನ್ನು ಅವರು ನೋಡಲಿಲ್ಲ. ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಅನಿಮೇಷನ್ ಚಿತ್ರ ಅದು. ಹಾಡು ಕಥೆಯನ್ನು ಎಷ್ಟು ಎಳೆದಾಡಬಲ್ಲದು ಎನ್ನುವುದಕ್ಕೆ 2013ರ 'ಫ್ರೋಜನ್' ಸಾಕ್ಷಿ. ಹಿಮದ ರಾಣಿ ಎಲ್ಸಾ ಮೊದಲ ಕರಡುಗಳಲ್ಲಿ ಖಳನಾಯಕಿ. ಕ್ರಿಸ್ಟನ್ ಆ್ಯಂಡರ್ಸನ್-ಲೋಪೆಜ್ ಮತ್ತು ರಾಬರ್ಟ್ ಲೋಪೆಜ್ ದಂಪತಿ ಅವಳಿಗಾಗಿ 'ಲೆಟ್ ಇಟ್ ಗೋ' ಬರೆದು ತಂದರು. ಕೇಳಿದವರಿಗೆ ಇವಳು ಕೆಟ್ಟವಳಲ್ಲ, ಹೆದರಿದವಳು ಅನ್ನಿಸಿತು. ಒಂದು ಹಾಡಿಗಾಗಿ ಇಡೀ ಚಿತ್ರಕಥೆ ತಿರುಗಿ ಬರೆಸಿಕೊಂಡಿತು. ಡಿಸ್ನಿಯ ಶಕ್ತಿ ಅದು. ಒಳ್ಳೆ ಹಾಡು ಹುಟ್ಟದ ವರ್ಷ ಆ ಸ್ಟುಡಿಯೋ ಪೆಚ್ಚಾಗಿ ಕಾಣುವುದಕ್ಕೂ ಕಾರಣ ಅದೇ.

ಪಿಕ್ಸಾರ್ ಕಥೆ ಬೇರೆ. 1986ರಲ್ಲಿ ಸ್ಟೀವ್ ಜಾಬ್ಸ್ ಹಣ ಹೂಡಿ ನಿಲ್ಲಿಸಿದ ಈ ಸಂಸ್ಥೆಯಲ್ಲಿದ್ದವರು ಕಂಪ್ಯೂಟರ್ ವಿಜ್ಞಾನಿಗಳು, ಜೊತೆಗೆ ಬೆರಳೆಣಿಕೆಯಷ್ಟು ಚಿತ್ರಗಾರರು. 'ಟಾಯ್ ಸ್ಟೋರಿ' ಮಾಡುವಾಗ ಡಿಸ್ನಿಯಿಂದ ಕ್ಯಾಟ್ಜೆನ್‌ಬರ್ಗ್ ಅವರದು ಒಂದೇ ಒತ್ತಾಯ: ಇನ್ನಷ್ಟು ಖಾರ ಇರಲಿ, ದೊಡ್ಡವರೂ ನೋಡುವಂತಿರಲಿ. ಇವರು ಒಪ್ಪಿಕೊಳ್ಳುತ್ತ ಹೋದರು. 1993ರ ನವೆಂಬರ್ 19ರಂದು ಡಿಸ್ನಿಯವರ ಮುಂದೆ ರೀಲ್ ಓಡಿಸಿದಾಗ ತೆರೆಯ ಮೇಲಿದ್ದ ವುಡಿ ಎಂಬ ಕೌಬಾಯ್ ಗೊಂಬೆ ಎಂಥವನೆಂದರೆ, ಬೇರೆ ಗೊಂಬೆಗಳನ್ನು ಹೀಯಾಳಿಸುವವನು, ಹೊಸದಾಗಿ ಬಂದ ಬಜ್‌ನನ್ನು ಬೇಕೆಂದೇ ಕಿಟಕಿಯಿಂದಾಚೆ ನೂಕುವವನು. ಇಂಥವನ ಜೊತೆ ಒಂದೂವರೆ ಗಂಟೆ ಯಾರು ಕೂರುತ್ತಾರೆ? ಡಿಸ್ನಿ ಕೆಲಸ ನಿಲ್ಲಿಸಿತು. ಪಿಕ್ಸಾರ್‌ನವರು ಆ ದಿನವನ್ನು ಕರಾಳ ಶುಕ್ರವಾರ ಎಂದೇ ಕರೆಯುತ್ತಾರೆ. ಮುಂದಿನ ಮೂರು ತಿಂಗಳಲ್ಲಿ ಅವರು ಕಥೆಯನ್ನು ತಮಗೆ ಬೇಕಾದ ಹಾಗೆ ಬರೆದರು. ವುಡಿಗೆ ಹೊಟ್ಟೆಕಿಚ್ಚು ಉಳಿಯಿತು, ಕೇಡಿಗತನ ಹೋಯಿತು. ಬಜ್ ಕಿಟಕಿಯಿಂದ ಬೀಳುವುದು ಈಗ ಆಕಸ್ಮಿಕ. ಅವನನ್ನು ಮೇಜಿನ ಹಿಂದಿನ ಸಂದಿಗೆ ಬೀಳಿಸಬೇಕೆಂದಷ್ಟೇ ವುಡಿ ಹೊರಟದ್ದು, ಅದು ಕೈ ಮೀರಿತು. ಅಷ್ಟು ಸಣ್ಣ ತಿದ್ದುಪಡಿಯಿಂದ ನಾವು ವುಡಿಯ ಪಕ್ಷಕ್ಕೆ ಹೋಗಿ ಕೂರುತ್ತೇವೆ.

ಆ ಪೆಟ್ಟಿನಿಂದ ಪಿಕ್ಸಾರ್ ಒಂದು ಸಂಪ್ರದಾಯ ಕಟ್ಟಿಕೊಂಡಿತು. ರೀಲ್ ನೋಡಿದ ಮೇಲೆ ಮಾತಾಡುವವರು ಬೇರೆ ಚಿತ್ರಗಳ ನಿರ್ದೇಶಕರು, ಕಥೆಗಾರರು. ಮುಲಾಜಿಲ್ಲದೆ ತಪ್ಪು ಎತ್ತಿ ತೋರಿಸಬೇಕು, ಆದರೆ ಹೀಗೇ ಮಾಡು ಎಂದು ಅಪ್ಪಣೆ ಕೊಡುವಂತಿಲ್ಲ. ಆಂಡ್ರ್ಯೂ ಸ್ಟಾಂಟನ್ ಅವರ 'ಫೈಂಡಿಂಗ್ ನೀಮೋ' ಚಿತ್ರದಲ್ಲಿ ತಾಯಿಮೀನು ಸತ್ತದ್ದನ್ನು ಮೊದಲು ಫ್ಲ್ಯಾಷ್‌ಬ್ಯಾಕ್‌ನಲ್ಲಿ ತುಣುಕು ತುಣುಕಾಗಿ ಹೇಳುವ ಯೋಜನೆಯಿತ್ತು. ಹಾಗೆ ಹೇಳಿದಾಗ ತಂದೆಮೀನು ಮಾರ್ಲಿನ್ ಬರೀ ಗೊಣಗುವ ಪುಕ್ಕಲನಂತೆ ಕಂಡ. ಆ ಸಾವನ್ನು ತಂದು ಮೊದಲ ಐದು ನಿಮಿಷದಲ್ಲಿಟ್ಟರು. ಅದೇ ಸಂಭಾಷಣೆ, ಅದೇ ಗೊಣಗಾಟ, ಆದರೆ ಈಗ ನಮಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ.

ಪಿಕ್ಸಾರ್‌ನ ಕಸುಬು ಅತ್ಯುನ್ನತ ಮಟ್ಟಕ್ಕೆ ಹೋದದ್ದು ಎಲ್ಲಿ ಎಂದು ಕೇಳಿದರೆ ನಾನು ಪೀಟ್ ಡಾಕ್ಟರ್ ನಿರ್ದೇಶಿಸಿದ 2009ರ 'ಅಪ್' ಚಿತ್ರದ ಆರಂಭದ ನಾಲ್ಕು ನಿಮಿಷಗಳನ್ನು ತೋರಿಸುತ್ತೇನೆ. ಅಲ್ಲಿ ಒಂದು ಮಾತೂ ಇಲ್ಲ. ಮಾತಿಲ್ಲದ ದೃಶ್ಯವನ್ನು ಬಾನುಲಿಯಲ್ಲಿ ಬಣ್ಣಿಸಹೊರಟಿದ್ದೇನೆ, ಕೇಳುಗರು ಸಹಿಸಿಕೊಳ್ಳಬೇಕು.

ಕಾರ್ಲ್ ಮತ್ತು ಎಲಿ ಮದುವೆಯಾಗುತ್ತಾರೆ. ಪಾಳು ಮನೆಯೊಂದನ್ನು ಕೊಂಡು ಸುಣ್ಣಬಣ್ಣ ಬಳಿಯುತ್ತಾರೆ. ಗುಡ್ಡದ ಮೇಲೆ ಅಂಗಾತ ಮಲಗಿ ಮೋಡ ನೋಡುತ್ತಾರೆ, ಮೋಡಗಳೆಲ್ಲ ಮಕ್ಕಳ ಆಕಾರದಲ್ಲಿ ಕಾಣಿಸತೊಡಗುತ್ತವೆ. ಕೂಸಿಗೆಂದು ಕೋಣೆ ಸಿಂಗರಿಸುತ್ತಾರೆ. ಮುಂದಿನ ದೃಶ್ಯದಲ್ಲಿ ಆಸ್ಪತ್ರೆ. ಎಲಿ ಮುಖ ಮುಚ್ಚಿಕೊಂಡು ಕೂತಿದ್ದಾಳೆ. ಏನಾಯಿತೆಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಚಿಕ್ಕಂದಿನಲ್ಲಿ ಕನಸು ಕಂಡ ಜಲಪಾತ ನೋಡಲು ಹೋಗೋಣವೆಂದು ಗಾಜಿನ ಜಾಡಿಯಲ್ಲಿ ಚಿಲ್ಲರೆ ಕೂಡಿಹಾಕುತ್ತಾರೆ. ಕಾರಿನ ಟೈರು ಒಡೆಯುತ್ತದೆ, ಜಾಡಿ ಒಡೆಯುತ್ತಾರೆ. ಕಾರ್ಲ್‌ನ ಕಾಲು ಮುರಿಯುತ್ತದೆ, ಜಾಡಿ ಒಡೆಯುತ್ತಾರೆ. ಮರ ಮುರಿದು ಮನೆಯ ಮೇಲೆ ಬೀಳುತ್ತದೆ, ಮತ್ತೆ ಜಾಡಿ. ನಡುವೆ ಎಲಿ ಪ್ರತಿ ಬೆಳಿಗ್ಗೆ ಗಂಡನ ಟೈ ಕಟ್ಟುತ್ತಿರುತ್ತಾಳೆ. ಟೈ ಬದಲಾಗುತ್ತ ಹೋದಂತೆ ಅವರ ಕೂದಲು ನರೆಯುತ್ತದೆ. ಕೊನೆಗೊಂದು ದಿನ ಅವನು ವಿಮಾನದ ಟಿಕೆಟ್ ಕೊಂಡು ತರುವ ಹೊತ್ತಿಗೆ ಅವಳಿಗೆ ಆ ಗುಡ್ಡ ಹತ್ತುವ ತ್ರಾಣವೇ ಉಳಿದಿರುವುದಿಲ್ಲ.

ಮೈಕೆಲ್ ಜಿಯಾಚಿನೊ ಅವರ ಒಂದೇ ರಾಗ, ಮೊದಲು ಹೆಜ್ಜೆ ಹಾಕಿಸುವಂತೆ, ಕೊನೆಗೆ ಪಿಯಾನೋದಲ್ಲಿ ತಡವರಿಸುವಂತೆ, ಇಡೀ ಸಂಸಾರದ ಉದ್ದಕ್ಕೂ ಬರುತ್ತದೆ. ಗಮನಿಸಬೇಕಾದ್ದು ಏನೆಂದರೆ, ಈ ನಾಲ್ಕು ನಿಮಿಷದಲ್ಲಿ ಕಂಡ ವಸ್ತುಗಳಲ್ಲಿ ಮುಖ್ಯವಾದವೆಲ್ಲ ಮುಂದಿನ ಒಂದೂವರೆ ಗಂಟೆಯಲ್ಲಿ ಕೆಲಸ ಮಾಡುತ್ತವೆ. ಆ ಮನೆ ಬಲೂನು ಕಟ್ಟಿಕೊಂಡು ಹಾರುತ್ತದೆ. ಎಲಿಯ ಸಾಹಸದ ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದಳೆಂದು ಅವನು ನಂಬಿದ್ದ ಪುಟಗಳು ಖಾಲಿಯಾಗಿರುವುದಿಲ್ಲ. ಅಲ್ಲಿ ಅವರಿಬ್ಬರ ಸಾಧಾರಣ ದಿನಗಳ ಫೋಟೊಗಳಿರುತ್ತವೆ. ಅಳಿಸುವುದಕ್ಕೂ ಲೆಕ್ಕಾಚಾರ ಬೇಕು. ಆ ಲೆಕ್ಕದಲ್ಲಿ ಪಿಕ್ಸಾರ್ ಎತ್ತಿದ ಕೈ.

ಲೆಕ್ಕ ಎಂದೆ. ಅದೇ ಅವರ ತೊಡಕೂ ಹೌದು. ಎಲ್ಲರೂ ಕೂತು ತಿದ್ದುವ ಕಡೆ ಒಬ್ಬರ ಸ್ವಂತ ದನಿಗೆ ಜಾಗ ಕಡಿಮೆ. ಬ್ರೆಂಡಾ ಚಾಪ್‌ಮನ್ ಅವರ ಉದಾಹರಣೆ ನೋಡಿ. ಅವರೂ ಮೂರು ಸ್ಟುಡಿಯೋ ಕಂಡವರೇ. ಡಿಸ್ನಿಯ 'ದಿ ಲಯನ್ ಕಿಂಗ್'ಗೆ ಕಥಾವಿಭಾಗದ ಮುಖ್ಯಸ್ಥೆ. 1998ರಲ್ಲಿ ಡ್ರೀಮ್‌ವರ್ಕ್ಸ್‌ಗೆ 'ದಿ ಪ್ರಿನ್ಸ್ ಆಫ್ ಈಜಿಪ್ಟ್' ಚಿತ್ರದ ಮೂವರು ನಿರ್ದೇಶಕರಲ್ಲಿ ಒಬ್ಬರು. ಆಮೇಲೆ ಪಿಕ್ಸಾರ್‌ನಲ್ಲಿ ತಾನು ಮತ್ತು ತನ್ನ ಮಗಳ ನಡುವಿನ ಜಟಾಪಟಿಯನ್ನೇ ಹಿಡಿದು 'ಬ್ರೇವ್' ಕಥೆ ಹೆಣೆದವರು. ಅರ್ಧ ದಾರಿಯಲ್ಲಿ ಅವರನ್ನು ಕೆಳಗಿಳಿಸಿ ಮಾರ್ಕ್ ಆ್ಯಂಡ್ರ್ಯೂಸ್ ಕೈಗೆ ಕೊಟ್ಟರು. 2012ರಲ್ಲಿ ಚಿತ್ರ ಬಂತು, ಆಸ್ಕರ್ ಬಂದಾಗ ಇಬ್ಬರೂ ವೇದಿಕೆ ಹತ್ತಿದರು. ಆದರೆ ನೋಡುವಾಗ ಅದರಲ್ಲಿ ಎರಡು ಚಿತ್ರಗಳಿವೆ ಎಂದು ನನಗೆ ಈಗಲೂ ಅನ್ನಿಸುತ್ತದೆ: ತಾಯಿ ಮಗಳದು ಒಂದು, ಕರಡಿಯ ಓಟದ್ದು ಇನ್ನೊಂದು. ತಿರುಗಿ ಬರೆಯುವ ಈ ಹಟಕ್ಕೆ ದೇಹಗಳೂ ಬೆಲೆ ತೆತ್ತಿವೆ. 'ಟಾಯ್ ಸ್ಟೋರಿ 2' ಚಿತ್ರವನ್ನು ಒಂಬತ್ತು ತಿಂಗಳಲ್ಲಿ ಹೊಸದಾಗಿ ಮಾಡಿ ಮುಗಿಸಿದಾಗ ಕೆಲಸಗಾರರಲ್ಲಿ ಮೂರನೇ ಒಂದು ಪಾಲು ಜನಕ್ಕೆ ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದರಿಂದ ಬರುವ ನೋವು ಅಂಟಿಕೊಂಡಿತ್ತೆಂದು ಸ್ಥಾಪಕರಲ್ಲೊಬ್ಬರಾದ ಎಡ್ ಕ್ಯಾಟ್ಮಲ್ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಇನ್ನು ಡ್ರೀಮ್‌ವರ್ಕ್ಸ್. ಇದು ಸೇರಿಗೆ ಸವ್ವಾಸೇರು ಎಂದು ಹುಟ್ಟಿದ ಸಂಸ್ಥೆ. 1998ರ ಅಕ್ಟೋಬರಿನಲ್ಲಿ ಅದರ 'ಆ್ಯಂಟ್ಜ್' ಬಂತು, ಒಂದೂವರೆ ತಿಂಗಳ ಮೇಲೆ ಪಿಕ್ಸಾರ್‌ನ 'ಎ ಬಗ್ಸ್ ಲೈಫ್'. ಎರಡರಲ್ಲೂ ಗೂಡಿನ ಕಟ್ಟಳೆಗೆ ಒಗ್ಗದ ಒಂದು ಇರುವೆ, ಎರಡರಲ್ಲೂ ಒಬ್ಬ ರಾಜಕುಮಾರಿ. ತಾವು ಗೆಳೆತನದಲ್ಲಿ ಹೇಳಿಕೊಂಡದ್ದನ್ನು ಕ್ಯಾಟ್ಜೆನ್‌ಬರ್ಗ್ ಕದ್ದರೆಂದು ಪಿಕ್ಸಾರ್‌ನ ಜಾನ್ ಲ್ಯಾಸೆಟರ್ ದೂರಿದರು, ಕ್ಯಾಟ್ಜೆನ್‌ಬರ್ಗ್ ಅಲ್ಲಗಳೆದರು. ಆ ಜಗಳ ಹಾಗಿರಲಿ. ನನಗೆ ಕುತೂಹಲ ಇರುವುದು, ಒಂದೇ ಇರುವೆಯನ್ನು ಇಬ್ಬರೂ ಹೇಗೆ ಬೇರೆ ಮಾಡಿದರು ಎಂಬುದರಲ್ಲಿ. ಡ್ರೀಮ್‌ವರ್ಕ್ಸ್‌ನ ಇರುವೆಗೆ ವುಡಿ ಆ್ಯಲನ್ ದನಿ. ಚಿತ್ರ ತೆರೆದುಕೊಳ್ಳುವಾಗಲೇ ಅದು ಮನೋವೈದ್ಯನ ಮುಂದೆ ಮಲಗಿ, ಲಕ್ಷಾಂತರ ಮಕ್ಕಳ ಮನೆಯಲ್ಲಿ ನಡುವೆ ಹುಟ್ಟಿದವನ ಸಂಕಟ ತೋಡಿಕೊಳ್ಳುತ್ತಿರುತ್ತದೆ. ಅದು ನ್ಯೂಯಾರ್ಕಿನ ನಡುವಯಸ್ಸಿನ ಗಂಡಸಿನ ಅಳಲು, ಇರುವೆಯದಲ್ಲ. ಪಿಕ್ಸಾರ್‌ನ ಇರುವೆ ಫ್ಲಿಕ್ ಮಾತ್ರ ಇರುವೆಯೇ. ಅವನ ಲೋಕದಲ್ಲಿ ಒಂದು ಎಲೆ ಬಿದ್ದರೆ ದಾರಿ ತಪ್ಪುತ್ತದೆ, ಒಂದು ಹನಿ ಮಳೆ ಬಾಂಬಿನಂತೆ ಅಪ್ಪಳಿಸುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಪಿಕ್ಸಾರ್‌ಗೆ ದುಪ್ಪಟ್ಟಿಗಿಂತ ಹೆಚ್ಚು ಬಂತು.

ಆದರೆ ಡ್ರೀಮ್‌ವರ್ಕ್ಸ್‌ಗೆ ಒಂದು ವಿದ್ಯೆ ಗೊತ್ತಿತ್ತು, ಅದು ಪಿಕ್ಸಾರ್‌ಗೆ ಈಗಲೂ ಒಲಿದಿಲ್ಲ. ಪ್ರೇಕ್ಷಕನಿಗೆ ಹಳೇ ಕಥೆಗಳೆಲ್ಲ ಗೊತ್ತಿವೆ ಎಂಬುದನ್ನೇ ಬಂಡವಾಳ ಮಾಡಿಕೊಳ್ಳುವ ವಿದ್ಯೆ. 2001ರ 'ಶ್ರೆಕ್' ಶುರುವಾಗುವುದು ರಾಜಕುಮಾರಿಯ ಕಥೆಯ ಅಂದವಾದ ಪುಸ್ತಕದಿಂದ. ಗಂಭೀರ ದನಿಯೊಂದು ಓದುತ್ತಿರುತ್ತದೆ. ತಟ್ಟನೆ ಹಸಿರು ಕೈಯೊಂದು ಬಂದು ಹಾಳೆ ಹರಿದುಕೊಂಡು ಹೋಗುತ್ತದೆ. ಅದು ಶೌಚಾಲಯದಲ್ಲಿ ಯಾವುದಕ್ಕೆ ಬಳಕೆಯಾಯಿತೆಂದು ಬಾನುಲಿಯಲ್ಲಿ ಹೇಳುವುದು ಬೇಡ. ಡಿಸ್ನಿ ಮೇಲಿನ ಹಳೇ ಸಿಟ್ಟೆಲ್ಲ ಆ ಒಂದು ಹಾಳೆಯಲ್ಲಿ ತೀರಿತು ಅನ್ನಿ. ಆದರೆ ಚಿತ್ರ ಬರೀ ಲೇವಡಿಯಲ್ಲಿ ನಿಂತಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಕೊನೆಯಲ್ಲಿ ರಾಜಕುಮಾರಿ ಫಿಯೋನಾಳ ಶಾಪ ಕಳೆದಾಗ ಅವಳು ಸುಂದರಿಯಾಗುವುದಿಲ್ಲ, ದಪ್ಪ ಮೂಗಿನ ಹಸಿರು ರಕ್ಕಸಿಯಾಗಿಯೇ ಉಳಿಯುತ್ತಾಳೆ. 'ಬ್ಯೂಟಿ ಆ್ಯಂಡ್ ದಿ ಬೀಸ್ಟ್' ಕೊನೆಯಲ್ಲಿ ಮೃಗ ಹೋಗಿ ಚಂದದ ರಾಜಕುಮಾರ ಬಂದಾಗ ನನಗೆ ಯಾವಾಗಲೂ ಸ್ವಲ್ಪ ನಿರಾಸೆ. ಆ ನಿರಾಸೆಗೆ 'ಶ್ರೆಕ್' ಉತ್ತರ ಕೊಟ್ಟಿತು. ಅನಿಮೇಷನ್ ಚಿತ್ರಕ್ಕೆಂದು ಹೊಸದಾಗಿ ಇಟ್ಟ ಮೊದಲ ಆಸ್ಕರ್, ಪಿಕ್ಸಾರ್‌ನ 'ಮಾನ್ಸ್ಟರ್ಸ್, ಇಂಕ್.' ಎದುರಿಗಿದ್ದರೂ 'ಶ್ರೆಕ್' ಪಾಲಾಯಿತು.

ಲೇವಡಿಗೆ ಆಯುಷ್ಯ ಕಡಿಮೆ. ಆ ಕಾಲದ ಜಾಹೀರಾತು, ಆ ಕಾಲದ ಪಾಪ್ ಹಾಡು, ಆ ಕಾಲದ ನಟರ ಹೆಸರಿನ ಮೇಲೆ ಕಟ್ಟಿದ ನಗೆ ಇಪ್ಪತ್ತು ವರ್ಷದ ಮೇಲೆ ಹಳಸುತ್ತದೆ. 2004ರ 'ಶಾರ್ಕ್ ಟೇಲ್' ಈಗ ನೋಡಿ, ಎಲ್ಲಿ ನಗಬೇಕೆಂದು ಗೊತ್ತಾಗುವುದೇ ಕಷ್ಟ. ಡ್ರೀಮ್‌ವರ್ಕ್ಸ್‌ನ ಒಳ್ಳೆಯ ಚಿತ್ರಗಳು ಅದು ಡಿಸ್ನಿಯನ್ನು ಮರೆತಾಗ ಹುಟ್ಟಿದಂಥವು. ತಮಾಷೆಯೆಂದರೆ, ಅವುಗಳಲ್ಲಿ ಅತ್ಯುತ್ತಮವಾದದ್ದನ್ನು ಮಾಡಿದವರು ಡಿಸ್ನಿಯಿಂದಲೇ ಬಂದವರು. ಕ್ರಿಸ್ ಸ್ಯಾಂಡರ್ಸ್ ಮತ್ತು ಡೀನ್ ಡಿಬ್ಲೋಯಿಸ್ 2002ರಲ್ಲಿ ಡಿಸ್ನಿಗೆ 'ಲೀಲೋ ಆ್ಯಂಡ್ ಸ್ಟಿಚ್' ಮಾಡಿದ್ದ ಜೋಡಿ. ಕ್ರೆಸಿಡಾ ಕವೆಲ್ ಅವರ ಮಕ್ಕಳ ಪುಸ್ತಕ ಆಧರಿಸಿದ 'ಹೌ ಟು ಟ್ರೈನ್ ಯುವರ್ ಡ್ರ್ಯಾಗನ್' ಕೆಲಸ ನಡುವಿನಲ್ಲಿ ಇವರ ಕೈಗೆ ಬಂತು. ಪುಸ್ತಕದಲ್ಲಿ ಪುಟಾಣಿಯಾಗಿದ್ದ ಡ್ರ್ಯಾಗನ್ನನ್ನು ಹುಡುಗನೊಬ್ಬ ಬೆನ್ನೇರಿ ಹಾರುವಷ್ಟು ದೊಡ್ಡದು ಮಾಡಿದರು.

2010ರ ಆ ಚಿತ್ರದಲ್ಲೂ ಮಾತಿಲ್ಲದ ಒಂದು ದೃಶ್ಯವಿದೆ. ಹಿಕಪ್ ಎಂಬ ಹುಡುಗ ತಾನೇ ಹೊಡೆದು ಕೆಡವಿದ ಡ್ರ್ಯಾಗನ್ನಿನ ಹತ್ತಿರ ಹೋಗಿ ಕೂತಿದ್ದಾನೆ. ಕೋಲು ಹಿಡಿದು ಮರಳಿನ ಮೇಲೆ ಅದರ ಮುಖ ಬರೆಯುತ್ತಾನೆ. ಡ್ರ್ಯಾಗನ್ ಬಗ್ಗಿ ನೋಡುತ್ತದೆ, ಎದ್ದು ಹೋಗಿ ಒಂದು ಸಣ್ಣ ಮರವನ್ನೇ ಬಾಯಲ್ಲಿ ಕಚ್ಚಿಕೊಂಡು ಬಂದು ಸುತ್ತಮುತ್ತ ಅಡ್ಡಾದಿಡ್ಡಿ ಗೆರೆ ಎಳೆಯುತ್ತದೆ. ಅದೂ ಚಿತ್ರ ಬರೆದಿದೆ! ಹುಡುಗ ಗೆರೆ ತುಳಿದರೆ ಗುರ್ ಎನ್ನುತ್ತದೆ, ಕಾಲು ತೆಗೆದರೆ ಸುಮ್ಮನಾಗುತ್ತದೆ. ಮತ್ತೆ ತುಳಿದು ನೋಡುತ್ತಾನೆ, ಮತ್ತೆ ಗುರ್. ಕಡೆಗೆ ಅವನು ಗೆರೆಗಳ ನಡುವೆ ಜೋಪಾನವಾಗಿ ಹೆಜ್ಜೆಯಿಡುತ್ತ, ಕುಣಿದಂತೆ ಸುತ್ತುತ್ತ ಬಂದು, ತನಗೇ ತಿಳಿಯದೆ ಅದರ ಉಸಿರು ತಾಗುವಷ್ಟು ಸಮೀಪ ನಿಂತುಬಿಟ್ಟಿರುತ್ತಾನೆ. ಕೈ ಚಾಚಿದರೆ ಅದು ಹಲ್ಲು ತೋರಿಸುತ್ತದೆ. ಆಗ ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ, ಅಂಗೈ ಮಾತ್ರ ಮುಂದಿಡುತ್ತಾನೆ. ಮೂಗು ತಂದು ಅಂಗೈಗೆ ಒತ್ತುವುದು ಡ್ರ್ಯಾಗನ್. 'ಅಪ್'ನಲ್ಲಿ ಇಡೀ ಆಯುಷ್ಯ ನಾಲ್ಕು ನಿಮಿಷಕ್ಕೆ ಇಳಿದಿದ್ದರೆ, ಇಲ್ಲಿ ನಾಲ್ಕು ಅಡಿ ದೂರ ದಾಟುವುದಕ್ಕೆ ಅಷ್ಟು ಹೊತ್ತು ಕೊಟ್ಟಿದ್ದಾರೆ. ಎರಡು ಜೀವ ಒಂದಕ್ಕೊಂದು ಪಳಗುವುದನ್ನು ತೋರಿಸುವಲ್ಲಿ ಡ್ರೀಮ್‌ವರ್ಕ್ಸ್ ಪಿಕ್ಸಾರ್‌ಗಿಂತ ಒಂದು ಕೈ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 2022ರ 'ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್'ನಲ್ಲೂ ಹಾಗೇ. ಸಾವಿಗೆ ಬೆದರಿ ಓಡಿಬಂದು ಮರಕ್ಕೊರಗಿ ಏದುಸಿರು ಬಿಡುತ್ತಿರುವ ಶೂರ ಬೆಕ್ಕಿನ ಹೊಟ್ಟೆಯ ಮೇಲೆ ಒಂದು ಬೀದಿನಾಯಿ ಸುಮ್ಮನೆ ತಲೆಯಿಟ್ಟು ಮಲಗುತ್ತದೆ. ಅಷ್ಟೆ. ಆ ಬೆಕ್ಕಿಗೆ ಆಗ ಬೇಕಾದ ಔಷಧಿ ಅದು.

ಆ ಬೆಕ್ಕಿನ ಮಾತು ಬಂದದ್ದರಿಂದ ಒಂದು ವಿಷಯ. 2011ರ ಮೊದಲ 'ಪುಸ್ ಇನ್ ಬೂಟ್ಸ್' ಚಿತ್ರದ ಒಂದಷ್ಟು ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಟೆಕ್ನಿಕಲರ್ ಸಂಸ್ಥೆಯೊಳಗೆ ಡ್ರೀಮ್‌ವರ್ಕ್ಸ್‌ಗೆಂದೇ ಮೀಸಲಾಗಿದ್ದ ತಂಡದಲ್ಲಿ. ಆ ಕೈಗಳಿಗೆ ಏನೂ ಕೊರತೆಯಿರಲಿಲ್ಲ. ಆದರೆ ರೀಲ್ ನೋಡಿ ಬೇಕು ಬೇಡ ಎನ್ನುವ ಕೋಣೆ ಇದ್ದದ್ದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ. ಇತ್ತೀಚೆಗೆ, 2025ರಲ್ಲಿ, ಹೊಂಬಾಳೆ ಸಂಸ್ಥೆ ಅರ್ಪಿಸಿದ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂದು ಜನ ಮುಗಿಬಿದ್ದು ನೋಡಿದರು. ಅದೂ ಗೊತ್ತಿರುವ ಕಥೆಯನ್ನೇ ನಂಬಿದ ಚಿತ್ರ. ಶ್ರೆಕ್ ಗೊತ್ತಿರುವ ಕಥೆಯನ್ನು ನಗಿಸಲು ಬಳಸಿದರೆ ಇದು ಕೈ ಮುಗಿಸಲು ಬಳಸಿತು. 'ಕಂಬದಲ್ಲಿ ಏನಿದೆ' ಎಂಬುದು ಸಭಾಂಗಣದ ಎಲ್ಲರಿಗೂ ತಿಳಿದಿದೆ, ಆದರೂ ಉಸಿರು ಬಿಗಿಹಿಡಿದು ಕಾಯುತ್ತಾರೆ.

ಕಾಯುವುದು ಎಂದ ಮೇಲೆ ಜಪಾನಿಗೆ ಹೋಗಲೇಬೇಕು. ಸ್ಟುಡಿಯೋ ಜಿಬ್ಲಿ ಶುರುವಾದದ್ದು 1985ರಲ್ಲಿ. ಹಯಾವೊ ಮಿಯಜಾಕಿ, ಇಸಾವೊ ತಕಹಾತ, ನಿರ್ಮಾಪಕ ತೊಶಿಯೊ ಸುಜುಕಿ ಸೇರಿ ಕಟ್ಟಿದ್ದು. ಅಮೆರಿಕದವರು ಕಥೆಯನ್ನು ಹತ್ತು ಸಲ ಒಡೆದು ಕಟ್ಟುವ ಹೊತ್ತಿನಲ್ಲಿ ಮಿಯಜಾಕಿ ಮುಗಿದ ಚಿತ್ರಕಥೆಯೇ ಇಲ್ಲದೆ ಕೆಲಸ ಶುರು ಮಾಡುತ್ತಾರೆ. ಸ್ಟೋರಿಬೋರ್ಡನ್ನು ಸ್ವತಃ ಬರೆಯುತ್ತ ಹೋಗುತ್ತಾರೆ. ಅದರ ಕೊನೆಯ ಭಾಗ ಹುಟ್ಟುವ ಮೊದಲೇ ಆರಂಭದ ಭಾಗಕ್ಕೆ ಅನಿಮೇಟರ್‌ಗಳು ಜೀವ ಕೊಡುತ್ತಿರುತ್ತಾರೆ. ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಸ್ಟುಡಿಯೋದಲ್ಲಿ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಪಿಕ್ಸಾರ್‌ನ ಲೆಕ್ಕಿಗರಿಗೆ ಇದನ್ನು ಕೇಳಿದರೆ ಜ್ವರ ಬಂದೀತು.

1988ರ 'ಮೈ ನೇಬರ್ ಟೊಟೊರೊ' ನೋಡಿ. ಸತ್ಸುಕಿ ಮತ್ತು ಅವಳ ಪುಟ್ಟ ತಂಗಿ ಮೇ ಸಂಜೆ ಮಳೆಯಲ್ಲಿ, ಕಾಡಿನಂಚಿನ ಬಸ್ ನಿಲ್ದಾಣದಲ್ಲಿ, ಅಪ್ಪನಿಗಾಗಿ ಕೊಡೆ ಹಿಡಿದು ಕಾಯುತ್ತಿದ್ದಾರೆ. ಬಸ್ಸು ಬರುತ್ತದೆ, ಅಪ್ಪ ಇಳಿಯುವುದಿಲ್ಲ. ಕತ್ತಲಾಗುತ್ತದೆ. ಮೇ ನಿಂತಲ್ಲೇ ತೂಕಡಿಸುತ್ತಾಳೆ. ಅಕ್ಕ ಅವಳನ್ನು ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಒಂದು ಕಪ್ಪೆ ನಿಧಾನಕ್ಕೆ ರಸ್ತೆ ಮೇಲೆ ಬರುತ್ತದೆ. ಪಕ್ಕದಲ್ಲಿ ಯಾರೋ ಬಂದು ನಿಂತ ಸದ್ದು. ಸತ್ಸುಕಿಯ ಕೊಡೆಯ ಅಂಚಿನ ಕೆಳಗೆ ಮೊದಲು ನಮಗೆ ಕಾಣುವುದು ಉಗುರಿರುವ ಎರಡು ದಪ್ಪ ಪಾದ. ಕತ್ತೆತ್ತಿದರೆ ಟೊಟೊರೊ, ಮಳೆಗೆಂದು ತಲೆ ಮೇಲೆ ಒಂದು ಎಲೆಯಿಟ್ಟುಕೊಂಡು, ಬಸ್ಸಿಗೆ ಕಾಯುವ ಯಾವುದೇ ಪ್ರಯಾಣಿಕನ ಹಾಗೆ ನಿಂತಿದೆ. ಅವಳು ಅಪ್ಪನ ಕೊಡೆ ಅದಕ್ಕೆ ಕೊಡುತ್ತಾಳೆ. ಮರದಿಂದ ಒಂದು ಹನಿ ಕೊಡೆಯ ಮೇಲೆ ಬಿದ್ದು 'ಟಪ್' ಎನ್ನುತ್ತದೆ. ಟೊಟೊರೊ ಕಣ್ಣರಳಿಸುತ್ತದೆ. ಇನ್ನೊಂದು ಹನಿ. ಅದಕ್ಕೆ ಆ ಸದ್ದು ಎಷ್ಟು ಇಷ್ಟವಾಗುತ್ತದೆಂದರೆ, ಎಗರಿ ಧೊಪ್ಪನೆ ನೆಲ ಕುಟ್ಟುತ್ತದೆ. ಮರಗಳಲ್ಲಿ ನಿಂತಿದ್ದ ನೀರೆಲ್ಲ ಒಟ್ಟಿಗೆ ಕೊಡೆಯ ಮೇಲೆ ಸುರಿಯುತ್ತದೆ. ಆಗುಂಬೆ ಕಡೆಯವರಿಗೆ ಆ ಸದ್ದನ್ನು ನಾನು ಬಣ್ಣಿಸಬೇಕಾಗಿಲ್ಲ.

ಅಮೆರಿಕದ ಯಾವ ಸ್ಟುಡಿಯೋದ ಕೋಣೆಯಲ್ಲೂ ಈ ದೃಶ್ಯ ಉಳಿಯುತ್ತಿರಲಿಲ್ಲ. ಇದರಿಂದ ಕಥೆ ಎಷ್ಟು ಮುಂದಕ್ಕೆ ಹೋಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು, ಕಪ್ಪೆ ಮೊದಲು ಹೋಗುತ್ತಿತ್ತು. ಆದರೆ ಆ ಮಕ್ಕಳ ತಾಯಿ ದೂರದ ಆಸ್ಪತ್ರೆಯಲ್ಲಿದ್ದಾಳೆ, ಅಪ್ಪನೂ ಬರದೆ ಹೋದರೆ ಎಂಬ ಭಯ ಸತ್ಸುಕಿಯ ಎದೆಯಲ್ಲಿದೆ. ಅದನ್ನು ಅವಳು ಹೇಳುವುದೂ ಇಲ್ಲ, ಹಾಡುವುದೂ ಇಲ್ಲ. ಕಾಯುವ ಆ ಹೊತ್ತನ್ನು ಕತ್ತರಿಸದೆ ಇಟ್ಟದ್ದರಿಂದಲೇ ನಮಗದು ತಿಳಿಯುತ್ತದೆ. ಈ ಚಿತ್ರವನ್ನು ಒಂಟಿಯಾಗಿ ಬಿಡುಗಡೆ ಮಾಡಲು ಹಣ ಹೂಡುವವರಿಗೆ ಧೈರ್ಯ ಸಾಲದೆ, ತಕಹಾತ ಅವರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಜೊತೆ ಒಂದೇ ಟಿಕೆಟ್ಟಿಗೆ ತೋರಿಸಿದರು. ಯುದ್ಧಕಾಲದಲ್ಲಿ ಹಸಿವಿನಿಂದ ಸಾಯುವ ಅಣ್ಣತಂಗಿಯ ಕಥೆ ಅದು. ಎರಡನ್ನೂ ಒಟ್ಟಿಗೆ ನೋಡಿದ ಅಂದಿನ ಪ್ರೇಕ್ಷಕರ ಗತಿ ಏನಾಗಿರಬೇಡ!

ಕತ್ತರಿಯ ವಿಷಯದಲ್ಲಿ ಜಿಬ್ಲಿಯವರು ಗಟ್ಟಿ. ಮಿಯಜಾಕಿ ಹಿಂದೆ ಮಾಡಿದ್ದ 'ನೌಸಿಕಾ' ಚಿತ್ರವನ್ನು ಅಮೆರಿಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಕತ್ತರಿಸಿ ತೋರಿಸಿದ್ದರು. 'ಪ್ರಿನ್ಸೆಸ್ ಮೊನೊನೊಕೆ' ಅಲ್ಲಿಗೆ ಹೋಗುವಾಗ ಸುಜುಕಿ ಅವರು ವಿತರಣೆಗೆ ನಿಂತ ಮಿರಾಮ್ಯಾಕ್ಸ್‌ನ ಮುಖ್ಯಸ್ಥರಿಗೆ ಒಂದು ಜಪಾನಿ ಖಡ್ಗ ಕೊಟ್ಟು, ಕತ್ತರಿ ಹಾಕುವಂತಿಲ್ಲ ಎಂಬ ಸಂದೇಶ ಮುಟ್ಟಿಸಿದರು. ಮಿರಾಮ್ಯಾಕ್ಸ್ ಆಗ ಇದ್ದದ್ದು ಡಿಸ್ನಿಯ ಒಡೆತನದಲ್ಲೇ. ಜಿಬ್ಲಿಗೂ ದೌರ್ಬಲ್ಯ ಇಲ್ಲದಿಲ್ಲ. ಒಬ್ಬನ ತಲೆಯನ್ನು ನಂಬಿದ ಮನೆಗೆ ವಾರಸುದಾರರು ಸಿಗುವುದಿಲ್ಲ. ನಿವೃತ್ತಿ ಘೋಷಿಸಿ ಘೋಷಿಸಿ ಮಿಯಜಾಕಿಯೇ ತಿರುಗಿ ಬಂದು ಎಂಬತ್ತು ದಾಟಿದ ಮೇಲೆ, 2023ರಲ್ಲಿ, 'ದಿ ಬಾಯ್ ಆ್ಯಂಡ್ ದಿ ಹೆರಾನ್' ಮುಗಿಸಿಕೊಡಬೇಕಾಯಿತು.

ಹಾಗಾದರೆ ಯಾರು ಮೇಲು ಎಂದು ಕೇಳುವವರಿಗೆ ನನ್ನ ಪಕ್ಷ ಇಷ್ಟು: ಕಥೆಯ ಕಟ್ಟಡ ನೋಡಬೇಕೆಂದರೆ ಪಿಕ್ಸಾರ್, ಒಂದು ದೃಶ್ಯದೊಳಗೆ ಹೋಗಿ ಇರಬೇಕೆಂದರೆ ಜಿಬ್ಲಿ. ಎರಡರಲ್ಲಿ ಒಂದೇ ಉಳಿಸಿಕೋ ಎಂದರೆ ನಾನು ಆ ಬಸ್ ನಿಲ್ದಾಣ ಉಳಿಸಿಕೊಳ್ಳುತ್ತೇನೆ.

ರಜೆಯಲ್ಲಿ ಮಕ್ಕಳಿಗೆ ತೋರಿಸುವವರಿದ್ದರೆ ಒಂದು ಕ್ರಮ ಹೇಳಿಬಿಡುತ್ತೇನೆ. 'ಟೊಟೊರೊ' ಮೊದಲು, ಯಾವ ವಯಸ್ಸಿಗೂ ಆದೀತು. 'ನೀಮೋ' ತೋರಿಸುವಾಗ ಮೊದಲ ಐದು ನಿಮಿಷ ಪಕ್ಕದಲ್ಲೇ ಕೂತಿರಿ. 'ಶ್ರೆಕ್' ಅವಸರ ಮಾಡಬೇಡಿ. ಸ್ನೋ ವೈಟ್, ಸಿಂಡರೆಲ್ಲಾ ಯಾರೆಂದು ತಿಳಿಯದ ಮಗುವಿಗೆ ಅದರಲ್ಲಿ ಸಿಗುವುದು ಕತ್ತೆಯ ಹರಟೆ ಮಾತ್ರ. 'ಫೈರ್‌ಫ್ಲೈಸ್' ಮಕ್ಕಳಿಗೆ ಬೇಡವೇ ಬೇಡ. ಇನ್ನು 'ಅಪ್' ಚಿತ್ರವನ್ನು ಮಾತ್ರ ಮಕ್ಕಳಿಗಿಂತ ಮುಂಚೆ ನೀವೊಮ್ಮೆ ಒಬ್ಬರೇ ನೋಡಿಕೊಳ್ಳಿ. ಅವರು ಬಲೂನು ಯಾವಾಗ ಬರುತ್ತದೆಂದು ಕಾಯುತ್ತಿರುವಾಗ ನೀವು ಕಣ್ಣೊರೆಸಿಕೊಳ್ಳುತ್ತ ಕೂತರೆ ಯಾಕೆಂದು ಕೇಳುತ್ತಾರೆ, ಉತ್ತರ ಹೇಳುವುದು ಕಷ್ಟ.